ವೇಂಬನಾಡು ಕಾಯಲ್: ಉಪ್ಪು, ಒಡ್ಡು ಮತ್ತು ಮೀನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಆಲಪ್ಪುಳ, ಕುಮರಕಂ ಸುತ್ತಿ ಬಂದ ಗೆಳೆಯರು ಮೊಬೈಲಿನಲ್ಲಿ ಫೋಟೊ ತೋರಿಸುತ್ತ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಕುಮಟಾ ಕಡೆಯವನು, ಗಜನಿ ಗದ್ದೆಯ ಸವಳು ನೀರಿನಲ್ಲಿ ಕಾಲಾಡಿಸಿ ಬೆಳೆದವನು. ಉಪ್ಪಿನ ಪರವಾಗಿ ನನ್ನ ಮಾತಿನಲ್ಲಿ ತುಸು ಪಕ್ಷಪಾತ ಕಂಡರೆ ಅದಕ್ಕೆ ಕಾರಣ ಇದೇ.

ಕಾಯಲ್ ಎಂದರೆ ಕೆರೆಯೋ, ನದಿಯೋ, ಸಮುದ್ರವೋ?

ಮಲಯಾಳದಲ್ಲಿ ಕಾಯಲ್ ಎಂದರೆ ಹಿನ್ನೀರು. ಯಾವ ತಿಂಗಳಲ್ಲಿ ಕೇಳುತ್ತಿದ್ದೀರಿ ಎನ್ನುವುದರ ಮೇಲೆ ಉತ್ತರ ನಿಂತಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್, ಮೂವಾಟ್ಟುಪುಳ ನದಿಗಳು ಘಟ್ಟದ ಕೆಂಪು ನೀರನ್ನು ತಂದು ಸುರಿಯುತ್ತವೆ. ಆಗ ವೇಂಬನಾಡು ಸಿಹಿನೀರಿನ ಸರೋವರ. ಮಳೆ ನಿಂತು ನದಿಗಳ ಸೆಳೆತ ತಗ್ಗಿದ ಮೇಲೆ ಕೊಚ್ಚಿಯ ಅಳಿವೆಯಿಂದ ಸಮುದ್ರದ ನೀರು ಭರತದ ಜೊತೆ ಒಳಗೆ ಹತ್ತುತ್ತದೆ. ಒಂದು ಕಾಲದಲ್ಲಿ ಬೇಸಗೆಯ ಹೊತ್ತಿಗೆ ಆ ಉಪ್ಪು ದಕ್ಷಿಣದ ತುದಿಯವರೆಗೂ ಬರುತ್ತಿತ್ತು. ಉಪ್ಪು ಮತ್ತು ಸಿಹಿಯ ಈ ಸರದಿಯೇ ಅಲ್ಲಿನ ಮೀನು, ಸಿಗಡಿ, ಚಿಪ್ಪುಗಳಿಗೆ ಪಂಚಾಂಗ. ಯಾವಾಗ ಮೊಟ್ಟೆಯಿಡಬೇಕು, ಯಾವಾಗ ಊರು ಬಿಡಬೇಕು ಎಂದು ಅವು ನೋಡುವುದು ಅದನ್ನೇ.

ಸುಮಾರು 96 ಕಿಲೋಮೀಟರ್ ಉದ್ದದ ಈ ಕಾಯಲ್ ಆಲಪ್ಪುಳ, ಕೋಟ್ಟಯಂ, ಎರ್ನಾಕುಲಂ ಜಿಲ್ಲೆಗಳಲ್ಲಿ ಕರಾವಳಿಗೆ ಸಮಾನಾಂತರವಾಗಿ ಮಲಗಿದೆ. ಭಾರತದ ಅತಿ ಉದ್ದದ ಸರೋವರ ಎಂಬ ಹೆಸರು ಇದರದೇ. 2002ರಲ್ಲಿ ಸುತ್ತಲಿನ ಗದ್ದೆ, ಕೋಲ್ ಎಂಬ ಜೌಗು ಗದ್ದೆ ಪ್ರದೇಶಗಳನ್ನು ಸೇರಿಸಿ 1,51,250 ಹೆಕ್ಟೇರನ್ನು ರಾಮ್ಸಾರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂದು ಘೋಷಿಸಲಾಯಿತು.

ಇಷ್ಟು ದೊಡ್ಡದನ್ನು ಆಳವಿಲ್ಲದ ಸರೋವರ ಎನ್ನುವುದೇಕೆ?

ದೊಡ್ಡದು ನಿಜ, ಆದರೆ ತಟ್ಟೆಯಂತೆ ದೊಡ್ಡದು. ಬಹಳ ಕಡೆ ಬಿದಿರಿನ ಗಳು ಇಳಿಸಿದರೆ ತಳ ಸಿಗುತ್ತದೆ. ಬಿಸಿಲು ಕೆಸರಿನವರೆಗೆ ಇಳಿಯುವುದರಿಂದ ಪಾಚಿ, ಜಲಸಸ್ಯ, ಹುಳ, ಚಿಪ್ಪುಗಳು ಹುಲುಸಾಗಿ ಬೆಳೆಯುತ್ತವೆ. ಇಂಥ ಜಾಗಗಳು ಮೀನಿನ ತೊಟ್ಟಿಲಾಗುವುದು ಇದರಿಂದಲೇ. ತೊಂದರೆ ಎಂದರೆ, ಕೆಟ್ಟದ್ದೂ ಇಲ್ಲಿ ಅಷ್ಟೇ ಬೇಗ ತಳ ಮುಟ್ಟುತ್ತದೆ. ಗದ್ದೆಯ ಗೊಬ್ಬರವಾಗಲಿ, ಪೇಟೆಯ ಕೊಳಚೆಯಾಗಲಿ, ಅದನ್ನು ಕರಗಿಸಿ ಮರೆಸಲು ಸಮುದ್ರಕ್ಕಿರುವ ಆಳ ಕಾಯಲ್‌ಗೆ ಇಲ್ಲ. ನದಿ ತಂದ ಹೂಳು ಒಂದು ಅಡಿ ಕೂತರೆ ಸಮುದ್ರಕ್ಕೆ ಗೊತ್ತೇ ಆಗುವುದಿಲ್ಲ. ಇಲ್ಲಿ ದೋಣಿಯ ದಾರಿ ಬದಲಾಗುತ್ತದೆ.

ಕಾಯಲ್ ಕುಗ್ಗಿದೆ ಎನ್ನುತ್ತಾರಲ್ಲ, ನೀರು ಬತ್ತಿತೇ?

ಬತ್ತಲಿಲ್ಲ. ಜನರೇ ಅದನ್ನು ಗದ್ದೆ ಮಾಡಿಕೊಂಡರು.

ದಕ್ಷಿಣದ ಕುಟ್ಟನಾಡಿನಲ್ಲಿ ಭತ್ತ ಬೆಳೆಯುವ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಕೆಲವು ಕಡೆ ಎರಡು ಮೀಟರಿನಷ್ಟು. ಕಾಯಲ್‌ನ ನಡುವೆಯೇ ತೆಂಗಿನ ಗೂಟಗಳನ್ನು ಎರಡು ಸಾಲಾಗಿ ಬಡಿದು, ನಡುವೆ ಬಿದಿರಿನ ತಟ್ಟಿ ಕಟ್ಟಿ, ಮರಳು, ಸೊಪ್ಪು ತುಂಬಿ, ಮೇಲೆ ಜೇಡಿಮಣ್ಣಿನ ಹೆಂಟೆ ಪೇರಿಸಿ ದಂಡೆ ಎಬ್ಬಿಸುತ್ತಿದ್ದರು. ಆ ಹೆಂಟೆಗಳನ್ನು ತಳದಿಂದ ಅಗೆದು ತರಲು ಕೂಲಿಗಳು ಉಸಿರು ಕಟ್ಟಿ ಮುಳುಗಬೇಕಿತ್ತು. ಆ ಕೆಲಸ ಮಾಡಿದವರಲ್ಲಿ ಬಹುಪಾಲು ದಲಿತರು. ದಂಡೆಯೊಳಗಿನ ನೀರನ್ನು ಮೊದಲು ಕಾಲಿನಿಂದ ತುಳಿಯುವ ಚಕ್ರಗಳಿಂದ, ಆಮೇಲೆ ‘ಪೆಟ್ಟಿಯುಂ ಪರಯುಂ’ ಎಂಬ ಪಂಪಿನಿಂದ ಹೊರಹಾಕುತ್ತಿದ್ದರು. ಹೆಸರೇ ಹೇಳುವಂತೆ ಒಂದು ಮರದ ಪೆಟ್ಟಿಗೆ, ಒಂದು ಕೊಳಗದಂಥ ಪೀಪಾಯಿ. ಈಗಲೂ ಅದು ಗಡಗಡ ಎನ್ನುತ್ತ ಗದ್ದೆಯ ನೀರನ್ನು ಕಾಲುವೆಗೆ ಎತ್ತಿ ಚೆಲ್ಲುವುದನ್ನು ನೋಡಬಹುದು.

1940ರ ದಶಕದಲ್ಲಿ, ಯುದ್ಧಕಾಲದ ಅಕ್ಕಿಯ ಬರದಲ್ಲಿ, ತಿರುವಿದಾಂಕೂರು ಸಂಸ್ಥಾನದ ಅನುಮತಿಯಿಂದ ಜೋಸೆಫ್ ಮುರಿಕ್ಕನ್ ಎಂಬ ಸಾಹಸಿ ಚಿತ್ತಿರ, ಮಾರ್ತಾಂಡಂ, ರಾಣಿ ಎಂಬ ರಾಜಮನೆತನದ ಹೆಸರಿನ ದೊಡ್ಡ ಕಾಯಲ್ ಗದ್ದೆಗಳನ್ನು ಎಬ್ಬಿಸಿದರು. ಹಸಿದ ಕಾಲದಲ್ಲಿ ಅದನ್ನು ಪರಿಸರ ನಾಶ ಎಂದು ಯಾರೂ ಕರೆಯುತ್ತಿರಲಿಲ್ಲ, ಇಂದು ಕುಳಿತು ಬೈಯುವುದೂ ಸರಿಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಅದೇ ಹೊತ್ತಿಗೆ, ತೆರೆದ ನೀರು ಮೂಲದ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿದಿದೆ ಎಂಬ ಅಂದಾಜೂ ಇದೆ. ಎರಡೂ ನಿಜ.

ತಣ್ಣೀರ್‌ಮುಕ್ಕಂ ಒಡ್ಡು ಎಂದರೇನು? ಎಲ್ಲ ಮಾತೂ ಅಲ್ಲಿಗೇ ಬಂದು ನಿಲ್ಲುವುದೇಕೆ?

ಹೆಸರಿನಲ್ಲಿರುವುದು ನಮ್ಮದೇ ತಣ್ಣೀರು. ಕಾಯಲ್‌ನ ಸೊಂಟದಂತಿರುವ ಕಿರಿದಾದ ಜಾಗದಲ್ಲಿ, ಆಲಪ್ಪುಳ ಜಿಲ್ಲೆಯ ತಣ್ಣೀರ್‌ಮುಕ್ಕಂನಿಂದ ಆಚೆ ದಡದ ವೆಚ್ಚೂರಿಗೆ ಹಾಕಿದ ಸುಮಾರು 1.4 ಕಿಲೋಮೀಟರ್ ಉದ್ದದ ಒಡ್ಡು ಅದು. ಕೆಲಸ ಶುರುವಾದದ್ದು 1950ರ ದಶಕದಲ್ಲಿ, ಬಳಕೆಗೆ ಬಂದದ್ದು 1970ರ ದಶಕದ ನಡುವಿನಲ್ಲಿ. ಮೇಲೆ ರಸ್ತೆ, ಕೆಳಗೆ ಶಟರ್‌ಗಳು. ನಡುವಿನ ಒಂದು ಭಾಗ ದಶಕಗಟ್ಟಲೆ ಪೂರ್ತಿಯಾಗದೆ, ಪ್ರತಿ ವರ್ಷ ಅಲ್ಲಿ ಮಣ್ಣಿನ ತಡೆ ಹಾಕುವುದು, ತೆಗೆಯುವುದು ನಡೆದಿತ್ತು. ಆ ಮಣ್ಣು ತೆಗೆಯುವ ವಿಚಾರಕ್ಕೆ ಆದ ಜಗಳಗಳೇ ಒಂದು ಪುರಾಣವಾದೀತು.

ಉದ್ದೇಶ ಸರಳ. ಕುಟ್ಟನಾಡಿನ ಮುಖ್ಯ ಬೆಳೆಯಾದ ಪುಂಜ ಭತ್ತಕ್ಕೆ ಬೇಸಗೆಯಲ್ಲಿ ಉಪ್ಪುನೀರು ತಾಗಬಾರದು. ಲೆಕ್ಕದ ಪ್ರಕಾರ ಡಿಸೆಂಬರ್ ನಡುವಿನಲ್ಲಿ ಶಟರ್ ಇಳಿಸಿ ಮಾರ್ಚ್ ನಡುವಿನಲ್ಲಿ ಎತ್ತಬೇಕು. ಆದರೆ ಬಿತ್ತನೆ ತಡವಾದರೆ ಕೊಯ್ಲು ತಡ, ಕೊಯ್ಲು ತಡವಾದರೆ ಶಟರ್ ತಡ. ಹೀಗೆ ಏಪ್ರಿಲ್, ಒಮ್ಮೊಮ್ಮೆ ಮೇ ತಿಂಗಳಿಗೂ ದಾಟುತ್ತದೆ. ಒಡ್ಡಿನ ದಕ್ಷಿಣಕ್ಕೆ ಅಷ್ಟು ತಿಂಗಳು ಸಮುದ್ರದ ಸುಳಿವೇ ಇಲ್ಲ. ಭರತವಿಲ್ಲ, ಇಳಿತವಿಲ್ಲ, ನೀರು ಮುಚ್ಚಿದ ಪಾತ್ರೆಯಲ್ಲಿಟ್ಟಂತೆ ನಿಂತಿರುತ್ತದೆ.

ಉಪ್ಪು ತಡೆದರೆ ಒಳ್ಳೆಯದೇ ಅಲ್ಲವೇ? ಸಿಹಿನೀರಿನಲ್ಲಿ ಜೀವ ಹೆಚ್ಚಲ್ಲವೇ?

ಇದು ಘಟ್ಟದ ಮೇಲಿನವರು ತಪ್ಪದೆ ಕೇಳುವ ಪ್ರಶ್ನೆ. ಸಿಹಿನೀರು ನಮಗೆ ಕುಡಿಯಲು ಬೇಕು, ಕಾಯಲ್‌ನ ಜೀವಿಗಳಿಗೆ ಬೇಕಾದದ್ದು ಸರದಿ.

ಮೊದಲು ಆಟ್ಟುಕೊಂಜನ್ನು ನೋಡಿ. ನೀಲಿ ಕೊಂಡಿಗಳ ಆ ದೊಡ್ಡ ಸಿಹಿನೀರಿನ ಸಿಗಡಿ ಬಾಳುವುದು ಹೊಳೆಯಲ್ಲಿ. ಆದರೆ ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಕೆಳಕ್ಕಿಳಿದು ಸವಳು ನೀರು ಸೇರಲೇಬೇಕು, ಮರಿಗಳು ಮೊದಲ ವಾರಗಳಲ್ಲಿ ಸಿಹಿನೀರಿನಲ್ಲಿ ಉಳಿಯುವುದಿಲ್ಲ. ಸ್ವಲ್ಪ ಬೆಳೆದ ಮೇಲೆ ಮತ್ತೆ ಹೊಳೆಗೆ ಹತ್ತುತ್ತವೆ. ಬಸುರಿ ತವರಿಗೆ ಹೋಗಿ ಮಗು ಎತ್ತಿಕೊಂಡು ಬಂದಂತೆ. ನಡುವೆ ಶಟರ್ ಬಿದ್ದರೆ ಹೋಗುವ ದಾರಿಯೂ ಬಂದ್, ಬರುವ ದಾರಿಯೂ ಬಂದ್. ಒಡ್ಡು ಬಂದ ಮೇಲೆ ಈ ಸಿಗಡಿಯ ಹಿಡಿತ ಹಳೆಯದರ ಒಂದು ಚೂರಿಗೆ ಇಳಿಯಿತು. ಸಮುದ್ರದಲ್ಲಿ ಹುಟ್ಟಿ, ಮರಿಯಾಗಿ ಕಾಯಲ್‌ಗೆ ಬಂದು ಕೊಬ್ಬಿ ಮರಳುವ ಬಿಳಿ ಸಿಗಡಿ ಮತ್ತು ಹಲವು ಮೀನುಗಳಿಗೂ ದಕ್ಷಿಣದ ಭಾಗ ಮುಚ್ಚಿದ ಮನೆಯಾಯಿತು.

ಎರಡನೆಯದು ಕಪ್ಪು ಚಿಪ್ಪು, ಅಲ್ಲಿನವರು ಕರುತ್ತ ಕಕ್ಕ ಎನ್ನುತ್ತಾರೆ. ಮುಹಮ್ಮ ಎಂಬ ಊರಿನ ಕಡೆ ಬೆಳಿಗ್ಗೆ ದಡಕ್ಕೆ ಹೋದರೆ ಇದರ ವ್ಯವಹಾರವೆಲ್ಲ ಕಣ್ಣಿಗೆ ಬೀಳುತ್ತದೆ. ಉದ್ದ ಗಳುವಿಗೆ ಬಲೆಚೀಲ ಮತ್ತು ಹಲ್ಲುಗಳಿರುವ ‘ವರಂಡಿ’ ಕಟ್ಟಿ ತಳವನ್ನು ಗೋರಿ ದೋಣಿ ತುಂಬಿಕೊಂಡು ಗಂಡಸರು ಮರಳುತ್ತಾರೆ. ದಡದಲ್ಲಿ ಹೆಂಗಸರು ದೊಡ್ಡ ಹಂಡೆಯಲ್ಲಿ ಬೇಯಿಸಿ, ಬಾಯಿ ಬಿಟ್ಟ ಚಿಪ್ಪುಗಳನ್ನು ಜರಡಿಯಲ್ಲಿ ಕುಲುಕುತ್ತಾರೆ. ಮಾಂಸ ಕೆಳಗೆ ಉದುರುತ್ತದೆ, ಚಿಪ್ಪು ಮೇಲೆ ಉಳಿಯುತ್ತದೆ. ಮಾಂಸ ಪೇಟೆಗೆ, ಚಿಪ್ಪು ಸುಣ್ಣದ ಗೂಡಿಗೆ. ಈ ಚಿಪ್ಪು ಮರಿ ಮಾಡಲು ನೀರಿನಲ್ಲಿ ಒಂದಿಷ್ಟು ಉಪ್ಪು ಏರಬೇಕು. ಶಟರ್ ಮುಚ್ಚಿದ ತಿಂಗಳುಗಳಲ್ಲಿ ದಕ್ಷಿಣದ ಭಾಗಕ್ಕೆ ಅದು ದಕ್ಕುವುದಿಲ್ಲ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮರಿಗಳು ದಟ್ಟವಾಗಿರುವ ಕಡೆಯಿಂದ ಎತ್ತಿ ಖಾಲಿ ಜಾಗಗಳಲ್ಲಿ ಬಿತ್ತುವ ಪ್ರಯೋಗ ನಡೆಸಿದ್ದಾರೆ. ಭತ್ತದ ಸಸಿ ನಾಟಿ ಮಾಡಿದ ಹಾಗೆಯೇ.

ನೀರಿನ ಮೇಲೆ ಹಸಿರು ಹೊದಿಕೆ ಇತ್ತು, ಚೆಂದ ಕಂಡಿತು. ಅದು ಏನು?

ನೇರಳೆ ಹೂವಿನ ಅಂತರಗಂಗೆ. ದಕ್ಷಿಣ ಅಮೆರಿಕದಿಂದ ಬಂದ ಕಳೆ. ಫೋಟೊಗೆ ಚೆಂದ, ದೋಣಿಗೆ ಶತ್ರು. ಗದ್ದೆಗಳಿಂದ ಹರಿದುಬಂದ ಗೊಬ್ಬರ ತಿಂದು, ನಿಂತ ಸಿಹಿನೀರಿನಲ್ಲಿ ದಿನದಿನಕ್ಕೂ ಹರಡುತ್ತದೆ. ಅದರಡಿ ಬೆಳಕಿಲ್ಲ, ಆಮ್ಲಜನಕವಿಲ್ಲ. ಇದು ಹೆದರುವುದು ಉಪ್ಪಿಗೆ ಮಾತ್ರ. ಶಟರ್ ಎತ್ತಿದ ಮೇಲೆ ಉಪ್ಪು ಏರಿದ ಕಡೆಗಳಲ್ಲಿ ಎಲೆಯ ಅಂಚು ಕಂದಾಗಿ, ಆಮೇಲೆ ಇಡೀ ಹಾಸು ಕೊಳೆತು ಮುಳುಗುತ್ತದೆ. ಯಂತ್ರ, ಟೆಂಡರ್, ಉದ್ಘಾಟನೆ ಯಾವುದೂ ಬೇಡದ ಶುಚಿ ಕಾರ್ಯ.

ಇದಕ್ಕೂ ಮೊದಲು ಕುಟ್ಟನಾಡನ್ನು ಕಾಡಿದ್ದು ‘ಆಫ್ರಿಕನ್ ಪಾಯಲ್’ ಎಂಬ ಇನ್ನೊಂದು ತೇಲು ಕಳೆ, ಸಾಲ್ವೀನಿಯಾ. ಅದನ್ನು ಮಣಿಸಿದ್ದು ಎಳ್ಳಿನ ಗಾತ್ರದ ಒಂದು ಸೊಂಡಿಲು ಹುಳು. ಅದಕ್ಕೆ ಬೆಂಗಳೂರಿನ ನಂಟಿದೆ. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಿಂದ ತಂದ ಆ ಹುಳುವನ್ನು ಭಾರತದಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನ ಒಂದು ತಾವರೆ ಕೊಳದಲ್ಲಿ. ಅಲ್ಲಿ ಗೆದ್ದ ಮೇಲೆ ಕೇರಳಕ್ಕೆ ಹೋಯಿತು.

ಕೀಟನಾಶಕ, ಕೊಳಚೆ, ತೆಂಗಿನ ನಾರು, ಇವುಗಳ ಪಾಲೆಷ್ಟು?

ಸಣ್ಣದಲ್ಲ. ಗದ್ದೆಗೆ ಹೊಡೆದದ್ದೆಲ್ಲ ಕೊನೆಗೆ ಪಂಪಿನ ಬಾಯಿಯಿಂದ ಕಾಯಲ್‌ಗೇ ಬರುತ್ತದೆ. ತೆಂಗಿನ ಸಿಪ್ಪೆ ಕೊಳೆಹಾಕುವ ಕೊಲ್ಲಿಗಳಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಆ ಅನಿಲ ಇರುವ ಕಡೆ ತಳದ ಜೀವಿಗಳು ಬದುಕುವುದು ಕಷ್ಟ. ಕುಟ್ಟನಾಡಿನ ಕರಿ ಮಣ್ಣಿಗೆ ಹುಳಿಯ ಗುಣವಿದೆ. ಹೊರಹರಿವು ನಿಂತಾಗ ಆ ಹುಳಿಯೂ ಒಳಗೇ ಉಳಿಯುತ್ತದೆ. 1991ರಲ್ಲಿ ಮೀನುಗಳ ಮೈಯಲ್ಲಿ ಹುಣ್ಣು ಬೀಳುವ ರೋಗ ಕೇರಳದ ಹಿನ್ನೀರುಗಳಲ್ಲಿ ಹಬ್ಬಿ, ಜನ ಮೀನು ಮುಟ್ಟಲು ಹೆದರಿದ್ದರು.

ಇವುಗಳಿಗೂ ಒಡ್ಡಿಗೂ ಸಂಬಂಧವಿಲ್ಲ ಎನ್ನಬೇಡಿ. ದಿನಕ್ಕೆರಡು ಸಲ ಭರತ ಬಂದು ತೊಳೆದು ಹೋಗುತ್ತಿದ್ದ ಅಂಗಳಕ್ಕೆ ಬಾಗಿಲು ಹಾಕಿದರೆ ಕಸ ಹಾಕಿದವರು ಯಾರೇ ಆಗಲಿ, ಕಸ ಅಲ್ಲೇ ಇರುತ್ತದೆ.

ಹಾಗಾದರೆ ಒಡ್ಡನ್ನು ಒಡೆದುಬಿಡಬಾರದೇ?

ಮೀನುಗಾರರನ್ನು ಕೇಳಿದರೆ ನಾಳೆಯೇ ಎನ್ನುತ್ತಾರೆ. ರೈತರನ್ನು ಕೇಳಿದರೆ ನೀವು ಊಟ ಮಾಡುವುದಿಲ್ಲವೇ ಎಂದು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರೂ ಒಂದೇ ಊರಿನವರು, ಎಷ್ಟೋ ಮನೆಗಳಲ್ಲಿ ಒಂದೇ ಮನೆಯವರು. ಇಷ್ಟು ವರ್ಷಗಳಲ್ಲಿ ಜನ ಒಡ್ಡಿನ ಸುತ್ತ ಬದುಕು ಕಟ್ಟಿಕೊಂಡಿದ್ದಾರೆ. ರಸ್ತೆ, ಕುಡಿಯುವ ನೀರಿನ ಬಾವಿ, ಸಾಲ, ಎಲ್ಲವೂ ಅದಕ್ಕೆ ಹೊಂದಿಕೊಂಡಿವೆ.

ನನ್ನ ಮಟ್ಟಿಗೆ ಪ್ರಶ್ನೆ ಒಡ್ಡಿನದಲ್ಲ, ತಾರೀಖಿನದು. ಎಂ. ಎಸ್. ಸ್ವಾಮಿನಾಥನ್ ಪ್ರತಿಷ್ಠಾನ 2007ರಲ್ಲಿ ಕೊಟ್ಟ, 1,840 ಕೋಟಿ ರೂಪಾಯಿ ಅಂದಾಜಿನ ಕುಟ್ಟನಾಡು ಪ್ಯಾಕೇಜ್ ವರದಿಯಲ್ಲಿ ಬೆಳೆಯ ಕ್ಯಾಲೆಂಡರ್ ಬಿಗಿಗೊಳಿಸುವ ಮಾತಿತ್ತು. ಎಲ್ಲ ಪಾಡಶೇಖರಗಳೂ, ಅಂದರೆ ದಂಡೆ ಕಟ್ಟಿದ ಗದ್ದೆ ಸಮೂಹಗಳೂ, ಒಂದೇ ಅವಧಿಯಲ್ಲಿ ಬಿತ್ತಿ ಕೊಯ್ದರೆ ಶಟರ್ ಬೇಗ ಎತ್ತಬಹುದು. ಹಣ ಬೇಡುವ ಕಾಮಗಾರಿಗಳು ಅಷ್ಟಿಷ್ಟು ನಡೆದವು. ಹಣವೇ ಬೇಡದ, ಒಟ್ಟಿಗೆ ಕುಳಿತು ತಾರೀಖು ಗೊತ್ತುಮಾಡುವ ಕೆಲಸ ಮಾತ್ರ ಪ್ರತಿ ವರ್ಷ ಕಗ್ಗಂಟು.

ಉಪ್ಪಿನ ಜೊತೆಗೇ ಭತ್ತ ಬೆಳೆಯುವವರು ಯಾರೂ ಇಲ್ಲವೇ?

ಇದ್ದಾರೆ, ಅದೇ ಕಾಯಲ್‌ನ ಉತ್ತರದಲ್ಲಿ. ಪೊಕ್ಕಾಳಿ ಗದ್ದೆಗಳಲ್ಲಿ ಮಳೆ ನೀರು ಉಪ್ಪನ್ನು ತೊಳೆದ ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಎತ್ತರದ ಭತ್ತ, ಆಮೇಲೆ ತೂಬು ತೆರೆದು ಸಮುದ್ರದ ನೀರಿನ ಜೊತೆ ಬಂದ ಸಿಗಡಿ ಮರಿಗಳ ಸಾಕಣೆ. ‘ಒರು ನೆಲ್ಲು, ಒರು ಮೀನ್’ ಎನ್ನುವುದು ಅಲ್ಲಿನ ನಿಯಮ, ಅರ್ಥ ಹೇಳಬೇಕಿಲ್ಲ. ಗೊಬ್ಬರವೂ ಬೇಡ, ಔಷಧಿಯೂ ಬೇಡ. ಆದರೆ ಕೂಲಿಯಾಳು ಸಿಗದೆ, ಭತ್ತಕ್ಕಿಂತ ಸಿಗಡಿಯಲ್ಲೇ ಲಾಭ ಕಂಡು ಆ ಗದ್ದೆಗಳೂ ಕುಗ್ಗುತ್ತಿವೆ.

ನಮ್ಮ ಕರಾವಳಿಯಲ್ಲಿ ಇಂಥದ್ದು ಇದೆಯೇ?

ಅಘನಾಶಿನಿಯ ಗಜನಿ ಗದ್ದೆ ಮತ್ತು ಕಗ್ಗ ಭತ್ತ ಪೊಕ್ಕಾಳಿಯ ತಮ್ಮಂದಿರೇ. ನೆರೆಯಲ್ಲಿ ಮುಳುಗಿದರೂ, ಉಪ್ಪು ತಾಗಿದರೂ ಕಗ್ಗ ಜಗ್ಗುವುದಿಲ್ಲ. ಮೊದಲು ಊರವರೇ ಸೇರಿ ವರ್ಷವರ್ಷ ಮಣ್ಣಿನ ಕಟ್ಟೆ ಕಟ್ಟುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಶಾಶ್ವತ ಕಲ್ಲಿನ ಕಟ್ಟೆ ಕಟ್ಟಿತು, ಊರೊಟ್ಟಿನ ಕೆಲಸ ನಿಂತಿತು. ಆಮೇಲೆ ಸಿಗಡಿ ಕೃಷಿಯ ಗುತ್ತಿಗೆ ಬಂತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಹೋದವು, ಕಗ್ಗ ಕೆಲವೇ ಊರುಗಳಿಗೆ ಉಳಿಯಿತು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ವೇಂಬನಾಡು 2002ರಿಂದಲೂ ಅದೇ ಪಟ್ಟಿಯಲ್ಲಿದೆ ಎಂಬುದನ್ನು ನೆನಪಿಟ್ಟುಕೊಂಡು ಸಂಭ್ರಮಿಸಿದರೆ ಸಾಕು.

ಹೌಸ್‌ಬೋಟ್ ಹತ್ತಬಹುದೇ, ಬೇಡವೇ?

ಕೆಟ್ಟುವಳ್ಳಂ ಎಂಬ ಆ ದೋಣಿ ಮೊದಲು ಭತ್ತ ಸಾಗಿಸುತ್ತಿತ್ತು. ಮೊಳೆ ಹೊಡೆಯದೆ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದ್ದರಿಂದ ಆ ಹೆಸರು. 1990ರ ದಶಕದಿಂದ ಮಲಗುವ ಕೋಣೆ, ಏಸಿ, ಟಿವಿ ಸೇರಿ ಅದು ತೇಲುವ ಲಾಡ್ಜ್ ಆಯಿತು. ಸಂಖ್ಯೆ ನೂರಾರು. ಡೀಸೆಲ್ ಜಿಡ್ಡು ಕಣ್ಣಿಗೆ ಕಾಣುತ್ತದೆ, ಶೌಚದ ನೀರು ಕಾಣುವುದಿಲ್ಲ. ಹೋಗುವುದಾದರೆ ಶೌಚ ತೊಟ್ಟಿ ಇದೆಯೇ, ಅದನ್ನು ಎಲ್ಲಿ ಖಾಲಿ ಮಾಡುತ್ತೀರಿ ಎಂದು ಬುಕಿಂಗ್‌ಗೆ ಮೊದಲು ಕೇಳಿ. ನಾನೊಮ್ಮೆ ಕೇಳಿದಾಗ ದೋಣಿಯವರು ಊಟಕ್ಕೆ ಕರಿಮೀನು ಎಷ್ಟು ಬೇಕು ಎಂದು ಮಾತು ತಿರುಗಿಸಿದರು. ಗಳು ಹಾಕಿ ನಡೆಸುವ ಸಣ್ಣ ದೋಣಿಯಲ್ಲಿ ಒಳಗಿನ ತೋಡುಗಳನ್ನು ನೋಡುವುದು ನನಗೆ ಹೆಚ್ಚು ಇಷ್ಟ. ಹಕ್ಕಿಗಳೂ ಹಾರಿಹೋಗುವುದಿಲ್ಲ.

ಹಕ್ಕಿಗಳ ಸ್ಥಿತಿ ಹೇಗಿದೆ?

ಕುಮರಕಂ ಪಕ್ಷಿಧಾಮ, ಪಾತಿರಾಮಣಲ್ ದ್ವೀಪಗಳಲ್ಲಿ ನೀರುಕಾಗೆ, ಹಾವಕ್ಕಿ, ಬಕಗಳು ಇನ್ನೂ ಇವೆ. ಚಳಿಗಾಲದಲ್ಲಿ ಮೀಸೆ ರೀವಗಳು ದಂಡು ದಂಡಾಗಿ ಬರುತ್ತವೆ. ಕಾಯಲ್‌ನ ಅಂಚಿಗೆ ಕಲ್ಲಿನ ಗೋಡೆ ಏರಿದಷ್ಟೂ ಇವುಗಳ ಜಾಗ ಕಡಿಮೆ. ಕಾಂಡ್ಲಾ ಬೇರಿನ ಸಂದಿಯಲ್ಲಿ ಮೀನಿನ ಮರಿ ಅಡಗುತ್ತದೆ, ಗೋಡೆಯಲ್ಲಿ ಅಡಗಲು ಸಂದಿಯಿಲ್ಲ.

2018ರ ಪ್ರವಾಹಕ್ಕೂ ಇದಕ್ಕೂ ಸಂಬಂಧವಿದೆಯೇ?

ಮಳೆ ಅಸಾಧಾರಣವಾಗಿತ್ತು, ಅದನ್ನು ಒಡ್ಡಿನ ತಲೆಗೆ ಕಟ್ಟಲಾಗದು. ಆದರೆ ಬಂದ ನೀರು ನಿಲ್ಲಲು ಮೊದಲಿದ್ದ ಜಾಗ ಇರಲಿಲ್ಲ, ಹೋಗಲು ದಾರಿಯೂ ಸಾಲಲಿಲ್ಲ. ನೆರೆನೀರನ್ನು ನೇರ ಸಮುದ್ರಕ್ಕೆ ಬಿಡಲು 1955ರಲ್ಲಿ ಕಟ್ಟಿದ ತೋಟ್ಟಪ್ಪಳ್ಳಿ ಸ್ಪಿಲ್‌ವೇ, ಅಲ್ಲಿಗೆ ನೀರು ತರುವ ಕಾಲುವೆ ಕಿರಿದಾದ್ದರಿಂದ ಮತ್ತು ಬಾಯಿಗೆ ಮರಳು ದಿಬ್ಬ ಕೂರುವುದರಿಂದ, ಯೋಜಿಸಿದ್ದರ ಮೂರನೇ ಒಂದು ಪಾಲಿನಷ್ಟನ್ನು ಮಾತ್ರ ಹೊರಹಾಕುತ್ತದೆ. ಕುಟ್ಟನಾಡಿನ ಎಷ್ಟೋ ಮನೆಗಳಲ್ಲಿ ವಾರಗಟ್ಟಲೆ ನೀರು ಇಳಿಯಲಿಲ್ಲ.

ಕಾನೂನು ಏನೂ ಮಾಡುತ್ತಿಲ್ಲವೇ?

ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ರಕ್ಷಣಾ ಕಾಯ್ದೆ 2008ರಿಂದ ಇದೆ. ಕಾಯಲ್‌ನ ನೆಡಿಯತುರುತ್ತು ದ್ವೀಪದಲ್ಲಿ ಕರಾವಳಿ ನಿಯಮ ಮೀರಿ ಎದ್ದಿದ್ದ ಐಷಾರಾಮಿ ರೆಸಾರ್ಟನ್ನು ಕೆಡವುವ ಆದೇಶವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಕೆಡವುವ ಕೆಲಸ ಶುರುವಾದದ್ದು 2022ರಲ್ಲಿ. ಒಂದು ರೆಸಾರ್ಟ್ ಬಿತ್ತು. ಹೆಸರಿಲ್ಲದ ಸಣ್ಣ ಸಣ್ಣ ಒತ್ತುವರಿಗಳಿಗೆ ಕೋರ್ಟಿನ ಬಾಗಿಲು ಕಾಣುವುದೇ ಇಲ್ಲ.

ಎಲ್ಲಾದರೂ ಸರಿಹೋದ ಉದಾಹರಣೆ ಇದೆಯೇ?

ಒಡಿಶಾದ ಚಿಲಿಕ. ಅಳಿವೆ ಹೂಳು ತುಂಬಿ ಸಮುದ್ರದ ಸಂಪರ್ಕ ಸೊರಗಿ, ಕಳೆ ಹಬ್ಬಿ, ಮೀನು ಕುಸಿದು, 1993ರಲ್ಲಿ ರಾಮ್ಸಾರ್‌ನವರ ಅಪಾಯದ ಪಟ್ಟಿಗೆ ಸೇರಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಸಮುದ್ರಕ್ಕೆ ಹೊಸ ಬಾಯಿ ಕೊರೆದರು. ಉಪ್ಪು ಮರಳಿತು, ಮೀನಿನ ಹಿಡಿತ ಎರಡು ವರ್ಷದೊಳಗೆ ಹಲವು ಪಟ್ಟು ಏರಿತು, 2002ರಲ್ಲಿ ಆ ಪಟ್ಟಿಯಿಂದ ಹೊರಬಂತು. ಸಿಗಡಿಗಾಗಿ ನೀರಿಗೇ ಬೇಲಿ ಹಾಕುವ ಘೇರಿಗಳ ಪಿಡುಗು ಅಲ್ಲಿ ತೀರಿಲ್ಲ ಎನ್ನುವುದು ಬೇರೆ ಮಾತು.

ವೇಂಬನಾಡಿನಲ್ಲೂ ಸಣ್ಣ ಮಟ್ಟದ ಕೆಲಸಗಳಿವೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಮೀನುಗಾರರ ಸಂಘಗಳ ಜೊತೆ 2008ರಿಂದ ವರ್ಷಕ್ಕೊಮ್ಮೆ ಮೀನು ಗಣತಿ ನಡೆಸುತ್ತ ಬಂದಿದೆ. ಮೀನುಗಾರರೇ ಬಿದಿರಿನ ಗೂಟ ನೆಟ್ಟು, ನಡುವೆ ಮರದ ಕೊಂಬೆ ಹಾಕಿ, ಅಲ್ಲಿ ಬಲೆ ಬೀಸಬಾರದೆಂದು ಕಟ್ಟು ಮಾಡಿಕೊಂಡ ಮೀನು ತಾವುಗಳಿವೆ. ಕೇರಳದ ರಾಜ್ಯ ಮೀನಾದ ಕರಿಮೀನಿಗೆ ಮರಿ ಕಾಯಲು ಇಂಥ ಮರೆಯೇ ಬೇಕು, ಅದರಲ್ಲಿ ತಂದೆ ತಾಯಿ ಇಬ್ಬರೂ ಮರಿಗಳಿಗೆ ಕಾವಲು ನಿಲ್ಲುತ್ತಾರೆ.

ಶಟರ್ ಎತ್ತುವುದನ್ನು ನೋಡಬಹುದೇ?

ಒಡ್ಡಿನ ಮೇಲೇ ಬಸ್ ಓಡಾಡುತ್ತದೆ, ಯಾರೂ ತಡೆಯುವುದಿಲ್ಲ. ತಾರೀಖು ಮಾತ್ರ ಮೊದಲೇ ಖಚಿತವಿರುವುದಿಲ್ಲ. ಮಾರ್ಚ್ ಕೊನೆಯಿಂದ ಸ್ಥಳೀಯ ಪತ್ರಿಕೆ ನೋಡುತ್ತಿರಿ. ಆಗ ಹೋದರೆ ರಸ್ತೆಯ ಎರಡು ಬದಿಯ ನೀರನ್ನೂ ನೋಡಿ. ದಕ್ಷಿಣಕ್ಕೆ ಕಳೆ ಒತ್ತಿ ನಿಂತ ಮಂದ ನೀರು, ಉತ್ತರಕ್ಕೆ ಭರತದ ಜೊತೆ ಏರಿ ಇಳಿಯುವ ನೀರು. ಶಟರ್ ಎತ್ತಿದ ಕಂಡಿಗಳಲ್ಲಿ ಸೆಳೆತ ಶುರುವಾಗುತ್ತಿದ್ದಂತೆ ಬಲೆ ಹಿಡಿದವರ ದೋಣಿಗಳು ಅಲ್ಲಿ ಸಾಲುಗಟ್ಟುತ್ತವೆ.